ನಾದದ ಋಣ

ಸಂಗೀತದ ಅಭ್ಯಾಸಕ್ಕೆ ಕುಳಿತವರ ಪಕ್ಕದಲ್ಲಿ ಹಿಂದೆ ತಂಬೂರಿಯೊಂದು ಇರಲೇಬೇಕಾಗಿತ್ತು. ಗುರುಗಳ ಮನೆಯಲ್ಲಿ ಅದನ್ನು ಮೀಟುವ ಕೆಲಸ ಕಿರಿಯ ಶಿಷ್ಯರ ಪಾಲಿನದು. ತಿಂಗಳುಗಟ್ಟಲೆ ತಂತಿ ಮೀಟುತ್ತ ಕುಳಿತೇ ಶ್ರುತಿಜ್ಞಾನ ಪಡೆದವರು ಎಷ್ಟೋ ಮಂದಿ. ಇಂದು ಅನೇಕ ಮನೆಗಳಲ್ಲಿ ಆ ಸ್ಥಾನವನ್ನು ಒಂದು ಚಿಕ್ಕ ಪೆಟ್ಟಿಗೆ ಆಕ್ರಮಿಸಿಕೊಂಡಿದೆ. ಗುಂಡಿ ಒತ್ತಿದೊಡನೆ ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಎಂಬ ಕ್ರಮದಲ್ಲಿ ನಾಲ್ಕು ತಂತಿಗಳು ಒಂದಾದ ಮೇಲೊಂದು ನುಡಿಯತೊಡಗುತ್ತವೆ. ಮೀಟುವ ಬೆರಳಿಲ್ಲ, ತಂತಿಯೂ ಇಲ್ಲ. ಈ ವಿದ್ಯುನ್ಮಾನ ತಂಬೂರಿಯನ್ನು 1979ರಲ್ಲಿ ರೂಪಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಅವರು ಎಂಜಿನಿಯರರೂ ಹೌದು, ಕೊಳಲುವಾದಕರೂ ಹೌದು.

ಪೆಟ್ಟಿಗೆಯೊಳಗಿನ ಆ ದನಿ ಎಲ್ಲಿಂದ ಬಂತು ಎಂದು ಕೇಳಿದರೆ ಎರಡು ಬಗೆಯ ಉತ್ತರ ದೊರೆಯುತ್ತದೆ. ವಿದ್ಯುತ್ತಿನ ಕಂಪನಗಳನ್ನು ಕೂಡಿಸಿ ದನಿಯನ್ನು ಬುಡದಿಂದಲೇ ಕಟ್ಟಬಹುದು. ಅಥವಾ ಎಂದೋ ಒಬ್ಬರು ನಿಜವಾದ ತಂಬೂರಿಯನ್ನು ಮೀಟಿದಾಗ ಅದನ್ನು ಮುದ್ರಿಸಿಟ್ಟು, ಬೇಕಾದಾಗ ಹೊರತರಬಹುದು. ಮೊದಲನೆಯದಕ್ಕೆ ನಾದಸಂಯೋಜನೆ ಎಂದೂ ಎರಡನೆಯದಕ್ಕೆ ಸ್ಯಾಂಪ್ಲಿಂಗ್ ಎಂದೂ ಹೆಸರು. ಕಿವಿಗೆ ಎರಡೂ ಒಂದೇ ಎನಿಸಬಹುದು. ಆದರೆ ಎರಡನೆಯದರಲ್ಲಿ ಪೆಟ್ಟಿಗೆಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಮೊದಲನೆಯದರಲ್ಲಿ ಇಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ.

ದನಿಯನ್ನು ಕಟ್ಟಬೇಕಾದರೆ ಮೊದಲು ಅದನ್ನು ಬಿಚ್ಚಿ ನೋಡಬೇಕು. ತಂತಿಯೊಂದು ಸೆಕೆಂಡಿಗೆ ನೂರು ಬಾರಿ ಕಂಪಿಸುತ್ತಿದೆಯೆಂದು ಭಾವಿಸೋಣ. ಅದೇ ಅದರ ಮೂಲಸ್ವರ, ಅದನ್ನು ಷಡ್ಜವೆನ್ನೋಣ. ಆದರೆ ತಂತಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಕ್ಷಣದಲ್ಲಿ ಅದು ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ನಡುಗುತ್ತಿರುತ್ತದೆ. ಆದುದರಿಂದ ನೂರರ ಜೊತೆಗೆ ಇನ್ನೂರು, ಮುನ್ನೂರು, ನಾನ್ನೂರು, ಐನೂರು ಕಂಪನಗಳ ಉಪಸ್ವರಗಳು ಸಣ್ಣಗೆ ಕೇಳಿಬರುತ್ತವೆ. ಇನ್ನೂರು ಮೇಲಿನ ಷಡ್ಜ. ಮುನ್ನೂರು ಅದರ ಪಂಚಮ. ನಾನ್ನೂರು ಅದಕ್ಕೂ ಮೇಲಿನ ಷಡ್ಜ. ಐನೂರು ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ತೇಲಿಬರುವುದನ್ನು ನಮ್ಮ ಸಂಗೀತಗಾರರು ಬಹುಕಾಲದಿಂದ ಬಲ್ಲರು. ಅದನ್ನು ಅವರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ಒಂದು ವಾದ್ಯದ ದನಿಗೂ ಇನ್ನೊಂದರ ದನಿಗೂ ಇರುವ ಬಣ್ಣದ ವ್ಯತ್ಯಾಸಕ್ಕೆ ಈ ಉಪಸ್ವರಗಳ ಪ್ರಮಾಣವೇ ಮುಖ್ಯ ಕಾರಣವೆಂದು ತೋರಿಸಿದನು. ಒಂದೇ ಶ್ರುತಿಯಲ್ಲಿ ನುಡಿಸಿದರೂ ಕೊಳಲು ಕೊಳಲಾಗಿ, ನಾಗಸ್ವರ ನಾಗಸ್ವರವಾಗಿ ಉಳಿಯುವುದು ಇದರಿಂದಲೇ.

ಈ ವಿಷಯದಲ್ಲಿ ನಮ್ಮ ಮೃದಂಗದ ಕಥೆ ಸ್ವಾರಸ್ಯವಾದುದು. ಬಿಗಿದ ಚರ್ಮವನ್ನು ಬಡಿದರೆ ಅದರ ಉಪಸ್ವರಗಳು ತಂತಿಯವುಗಳಂತೆ ಒಂದು, ಎರಡು, ಮೂರು ಎಂಬ ಲೆಕ್ಕಕ್ಕೆ ಒಳಪಡುವುದಿಲ್ಲ. ಆದುದರಿಂದ ಸಾಮಾನ್ಯ ನಗಾರಿಯಲ್ಲಿ ಸದ್ದುಂಟು, ಸ್ಪಷ್ಟವಾದ ಸ್ವರವಿಲ್ಲ. ಮೃದಂಗದಲ್ಲಿ ಮಾತ್ರ ಶ್ರುತಿ ಸೇರುತ್ತದೆ. ಇದೇಕೆ ಎಂದು ಪ್ರಶ್ನಿಸಿದವರು ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರರೊಡನೆ ಅವರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಇನ್ನಷ್ಟು ವಿವರವಾಗಿ ಪ್ರಕಟಿಸಿದರು. ಬಲಗಡೆಯ ಚರ್ಮದ ನಡುವೆ ಪದರಪದರವಾಗಿ ಹಚ್ಚುವ ಕರಣೆಯ ಭಾರವು ಚರ್ಮದ ಕಂಪನಗಳನ್ನು ಹದಗೊಳಿಸಿ, ಅವನ್ನು ತಂತಿಯ ಲೆಕ್ಕಕ್ಕೆ ತರುತ್ತದೆಂದು ಅವರು ಕಂಡರು. ಹೆಲ್ಮ್‌ಹೋಲ್ಟ್ಸನ ಹೆಸರನ್ನೇ ಕೇಳದ ಕುಶಲಕರ್ಮಿಗಳು ಆ ಕಪ್ಪು ಲೇಪವನ್ನು ಬೆರಳಿನಿಂದ ಉಜ್ಜಿ ಉಜ್ಜಿ, ಕಿವಿಯೊಂದನ್ನೇ ನಂಬಿ, ಈ ಫಲವನ್ನು ಎಂದೋ ಪಡೆದಿದ್ದರು. ಅವರಲ್ಲಿ ಮೊದಲಿಗನ ಹೆಸರು ಯಾರಿಗೂ ತಿಳಿಯದು.

ಉಪಸ್ವರಗಳಷ್ಟೇ ಸಾಲದು. ದನಿಯೊಂದು ಹೇಗೆ ಹುಟ್ಟುತ್ತದೆ, ಹೇಗೆ ನಿಲ್ಲುತ್ತದೆ, ಹೇಗೆ ಅಡಗುತ್ತದೆ ಎಂಬುದೂ ಅದರ ಸ್ವಭಾವವನ್ನು ನಿರ್ಧರಿಸುತ್ತದೆ. ಘಟದ ಮೇಲೆ ಬಿದ್ದ ಪೆಟ್ಟು ಥಟ್ಟನೆ ಮೇಲೇಳುತ್ತದೆ, ಮರುಕ್ಷಣ ಮಾಯವಾಗುತ್ತದೆ. ಕೊಳಲಿನ ದನಿ ಮೆಲ್ಲನೆ ಮೂಡಿ, ಉಸಿರಿರುವವರೆಗೂ ನಿಲ್ಲುತ್ತದೆ. ಗಂಟೆಯ ನಾದ ಒಮ್ಮೆಗೇ ಹುಟ್ಟಿ, ಬಹಳ ಹೊತ್ತು ಕರಗುತ್ತಿರುತ್ತದೆ. ಫ್ರಾನ್ಸಿನ ಪಿಯೆರ್ ಶೆಫರ್ ಎಂಬಾತನು 1948ರ ಸುಮಾರಿಗೆ ಪ್ಯಾರಿಸ್ಸಿನ ಆಕಾಶವಾಣಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಧ್ವನಿಮುದ್ರಿಸಿದ ಗಂಟೆಯ ನಾದದಿಂದ ಮೊದಲ ಪೆಟ್ಟನ್ನು ಕತ್ತರಿಸಿ ಹಾಕಿದನು. ಉಳಿದ ದನಿ ಗಂಟೆಯದೆಂದು ಗುರುತೇ ಸಿಗಲಿಲ್ಲ.

ವಿದ್ಯುತ್ತಿನಿಂದ ನಾದವನ್ನು ಕಟ್ಟುವ ಮೊದಲ ಯತ್ನಗಳು ಅಷ್ಟೇನೂ ಸುಲಭವಾಗಿರಲಿಲ್ಲ. ಅಮೆರಿಕದ ತಾಡಿಯಸ್ ಕೆಹಿಲ್ 1906ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ ಟೆಲ್‌ಹಾರ್ಮೋನಿಯಂ ಎಂಬ ಯಂತ್ರ ಸುಮಾರು ಇನ್ನೂರು ಟನ್ ತೂಗುತ್ತಿತ್ತು. ತಿರುಗುವ ಚಕ್ರಗಳಿಂದ ಹುಟ್ಟಿದ ಅದರ ಸಂಗೀತವನ್ನು ಟೆಲಿಫೋನ್ ತಂತಿಯ ಮೂಲಕ ಕೇಳಬೇಕಾಗಿತ್ತು. 1964ರಲ್ಲಿ ರಾಬರ್ಟ್ ಮೋಗ್ ರೂಪಿಸಿದ ಸಿಂಥಸೈಜರ್ ಎಂಬ ವಾದ್ಯದಿಂದ ಹೊಸ ಯುಗವೊಂದು ತೊಡಗಿತೆನ್ನಬಹುದು. ಐದೇ ವರ್ಷಗಳಲ್ಲಿ, 1969ರಲ್ಲಿ, ಆ ವಾದ್ಯ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತ್ತು. ಅಲ್ಲಿ ಭಾರತೀಯ ಸಂಗೀತಗಾರರು ನಡೆಸಿದ ಪ್ರಯೋಗಗಳ ಮುದ್ರಿಕೆಗಳು ಬಹುಕಾಲ ಕಪಾಟಿನಲ್ಲೇ ಉಳಿದು, 2023ರಲ್ಲಿ ಹೊರಬಂದವು.

ಮೋಗ್ ವಾದ್ಯದ ತತ್ತ್ವ ಸರಳ. ಅದರಲ್ಲಿ ಮೊದಲಿಗೆ ಆಂದೋಲಕವೆಂಬ ವಿದ್ಯುನ್ಮಂಡಲ ಒಂದೇ ಸಮನೆ ಕಂಪಿಸಿ ಕಚ್ಚಾ ದನಿಯನ್ನು ಕೊಡುತ್ತದೆ. ಆ ಕಂಪನದ ಅಲೆ ಗರಗಸದ ಹಲ್ಲಿನಂತಿದ್ದರೆ ಎಲ್ಲ ಉಪಸ್ವರಗಳೂ ಅದರಲ್ಲಿ ತುಂಬಿ, ಪಿಟೀಲನ್ನು ನೆನಪಿಸುವ ಹರಿತವಾದ ದನಿ ಬರುತ್ತದೆ. ಅಲೆ ಚೌಕಾಕಾರವಾದರೆ ಎರಡನೆಯದು, ನಾಲ್ಕನೆಯದು ಮೊದಲಾದ ಸಮಸಂಖ್ಯೆಯ ಉಪಸ್ವರಗಳು ಇಲ್ಲವಾಗಿ, ದನಿ ಟೊಳ್ಳು ಬಿದಿರಿನಂತೆ ಕೇಳಿಸುತ್ತದೆ. ಈ ಕಚ್ಚಾ ದನಿಯನ್ನು ಮುಂದೆ ಫಿಲ್ಟರ್ ಎಂಬ ಜರಡಿಯ ಮೂಲಕ ಹಾಯಿಸಿ, ಬೇಡವಾದ ಉಪಸ್ವರಗಳನ್ನು ಸೋಸುತ್ತಾರೆ. ಕೊನೆಯಲ್ಲಿ ಅದರ ಏರಿಳಿತವನ್ನು ಘಟದಂತೆಯೋ ಕೊಳಲಿನಂತೆಯೋ ತಿದ್ದುತ್ತಾರೆ. ಶಿಲ್ಪಿಯು ಬಂಡೆಯಿಂದ ಬೇಡವಾದುದನ್ನು ಕೆತ್ತಿ ತೆಗೆಯುವಂತಹ ಕ್ರಮವಿದು. ಇದಕ್ಕೆ ವಿರುದ್ಧವಾಗಿ, ಶುದ್ಧವಾದ ಒಂಟಿ ಸ್ವರಗಳನ್ನು ಒಂದೊಂದಾಗಿ ಸೇರಿಸುತ್ತ, ಚುಕ್ಕಿ ಇಟ್ಟು ರಂಗೋಲಿ ಬಿಡಿಸುವಂತೆ ನಾದವನ್ನು ತುಂಬುವ ಕ್ರಮವೂ ಉಂಟು.

ಮೂರನೆಯ ಕ್ರಮವೊಂದು ಗಮಕ ಬಲ್ಲವರಿಗೆ ವಿಶೇಷವಾಗಿ ರುಚಿಸುವಂಥದು. ಸ್ವರವೊಂದನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಕಂಪಿತವಾಗುತ್ತದಷ್ಟೆ. ಆ ಅಲುಗಾಟವನ್ನು ಸೆಕೆಂಡಿಗೆ ಐದಾರು ಸಲದಿಂದ ನೂರಾರು ಸಲಕ್ಕೆ ಏರಿಸಿದರೆ ಕಿವಿಗೆ ಅದು ಅಲುಗಾಟವಾಗಿ ಕೇಳಿಸದೆ, ಹೊಸದೊಂದು ಬಣ್ಣದ ದನಿಯಾಗಿಯೇ ಕೇಳಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಇದನ್ನು ಕಂಡುಕೊಂಡರು. ಯಮಾಹಾ ಕಂಪನಿ 1983ರಲ್ಲಿ ಇದೇ ತತ್ತ್ವದ ಮೇಲೆ ಮಾಡಿದ ಕೀಬೋರ್ಡು ಲೋಕವನ್ನೆಲ್ಲ ಸುತ್ತಿತು.

ಹೀಗೆ ಕಟ್ಟಿದ ನಾದ ಕಟ್ಟಿದವರದೇ. ಅದರಲ್ಲಿ ಬೇರೊಬ್ಬರ ಬೆರಳಿನ ಗುರುತಿಲ್ಲ. ಸ್ಯಾಂಪ್ಲಿಂಗಿನ ವಿಚಾರ ಹಾಗಲ್ಲ.

ಸ್ಯಾಂಪ್ಲಿಂಗ್ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಹರಿಯುವ ದನಿಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆದಿಡುವುದು ಒಂದು ಅರ್ಥ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಹೀಗೆ ಸೆಕೆಂಡಿಗೆ 44,100 ಬಾರಿ ಅಳತೆ ನಡೆದಿರುತ್ತದೆ. ಪ್ರತಿಯೊಂದು ಅಳತೆಯೂ 65,536 ಮಟ್ಟಗಳಲ್ಲಿ ಒಂದಾಗಿರುತ್ತದೆ. ಮನುಷ್ಯನ ಕಿವಿಗೆ ಇಷ್ಟು ಸಾಕು. ಎರಡನೆಯ ಅರ್ಥ, ಈಗಾಗಲೇ ಮುದ್ರಿತವಾದ ಸಂಗೀತದ ತುಣುಕೊಂದನ್ನು ಕತ್ತರಿಸಿ ತೆಗೆದು ಹೊಸ ರಚನೆಯಲ್ಲಿ ಕೂಡಿಸುವುದು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ತಯಾರಾದ ಫೇರ್‌ಲೈಟ್ ಎಂಬ ಗಣಕವಾದ್ಯದಿಂದ ಈ ಕೆಲಸ ಸಲೀಸಾಯಿತು. ಅಂದು ಅದು ಧನಿಕರ ಸೊತ್ತು. ಇಂದು ಅದಕ್ಕಿಂತ ಸಮರ್ಥವಾದ ಸಲಕರಣೆ ವಿದ್ಯಾರ್ಥಿಯ ಜೇಬಿನ ದೂರವಾಣಿಯಲ್ಲೇ ಇದೆ.

ತುಣುಕು ತೆಗೆಯುವುದರಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಡ್ರಮ್ ವಾದಕನ ಕಥೆಯನ್ನು ಹೇಳಬೇಕು. ಆತನ ಹೆಸರು ಗ್ರೆಗರಿ ಕೋಲ್ಮನ್. 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ಎಂಬ ವಾದ್ಯವೃಂದ ಒಂದು ಗ್ರಾಮಫೋನ್ ತಟ್ಟೆಯನ್ನು ಹೊರತಂದಿತು. ಜನಪ್ರಿಯವಾದದ್ದು ಅದರ ಮುಂಬದಿಯ ಹಾಡು. ಹಿಂಬದಿಯಲ್ಲಿ ‘ಆಮೆನ್, ಬ್ರದರ್’ ಎಂಬ, ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳದ ಒಂದು ವಾದ್ಯರಚನೆ ಇತ್ತು. ಅದರ ನಡುವೆ ಮಿಕ್ಕ ವಾದ್ಯಗಳೆಲ್ಲ ಸುಮ್ಮನಾಗಿ, ಕೋಲ್ಮನ್ ಒಬ್ಬನೇ ನಾಲ್ಕು ಆವರ್ತ ಡ್ರಮ್ ಬಾರಿಸುತ್ತಾನೆ. ಏಳು ಸೆಕೆಂಡೂ ಆಗಲಾರದು.

ಆ ಏಳು ಸೆಕೆಂಡು ಹದಿನೈದು ವರ್ಷ ನಿದ್ರಿಸಿ, 1980ರ ದಶಕದಲ್ಲಿ ಎಚ್ಚರಗೊಂಡಿತು. ನ್ಯೂಯಾರ್ಕಿನ ಹಿಪ್-ಹಾಪ್ ಸಂಗೀತಗಾರರು ಅದನ್ನು ಕತ್ತರಿಸಿ ತಮ್ಮ ಹಾಡುಗಳಿಗೆ ತಾಳವಾಗಿ ಬಳಸಿಕೊಂಡರು. ಮುಂದೆ ಇಂಗ್ಲೆಂಡಿನ ತರುಣರು ಅದರ ವೇಗವನ್ನು ಹೆಚ್ಚಿಸಿ, ತುಂಡು ತುಂಡು ಮಾಡಿ ಮರುಜೋಡಿಸಿ, ಜಂಗಲ್ ಎಂಬ ಹೊಸ ಸಂಗೀತ ಪ್ರಕಾರವನ್ನೇ ಕಟ್ಟಿದರು. ಸಾವಿರಾರು ಹಾಡುಗಳಲ್ಲಿ, ಜಾಹೀರಾತುಗಳಲ್ಲಿ ಕೋಲ್ಮನ್ನನ ಕೈಚಳಕ ಕೇಳಿಸುತ್ತದೆ. ಆ ತರುಣರ ಪ್ರತಿಭೆಯನ್ನು ಅಲ್ಲಗಳೆಯುವಂತಿಲ್ಲ. ಹಳೆಯ ಸೀರೆಯ ತುಂಡುಗಳಿಂದ ಚೆಂದದ ಕೌದಿ ಹೊಲಿಯುವುದೂ ಒಂದು ಕಲೆಯೇ. ಆದರೆ ಕೌದಿ ಹೊಲಿಯುವವಳಿಗೆ ಯಾವ ತುಂಡು ಯಾರ ಸೀರೆಯದೆಂದು ಗೊತ್ತಿರುತ್ತದೆ.

ವೃಂದದ ನಾಯಕ ರಿಚರ್ಡ್ ಸ್ಪೆನ್ಸರನಿಗೆ ಈ ವಿಷಯ ತಿಳಿದದ್ದು 1996ರಲ್ಲಿ. ಅಷ್ಟು ಹೊತ್ತಿಗೆ ದಾವೆ ಹೂಡುವ ಕಾಲಮಿತಿ ಮೀರಿಹೋಗಿತ್ತು. ಕೋಲ್ಮನ್ನನಿಗೆ ಬಹುಶಃ ಯಾವುದೂ ತಿಳಿಯಲೇ ಇಲ್ಲವೆಂದು ಸ್ಪೆನ್ಸರ್ ಹೇಳಿದ್ದುಂಟು. 2006ರಲ್ಲಿ ಅಟ್ಲಾಂಟಾ ನಗರದಲ್ಲಿ, ಇರಲು ಮನೆಯೂ ಇಲ್ಲದ ಸ್ಥಿತಿಯಲ್ಲಿ, ಆತ ತೀರಿಕೊಂಡನು. 2015ರಲ್ಲಿ ಇಂಗ್ಲೆಂಡಿನ ಅಭಿಮಾನಿಗಳು ತಾವಾಗಿ ವಂತಿಗೆ ಎತ್ತಿ, ಸುಮಾರು 24,000 ಪೌಂಡುಗಳನ್ನು ಸ್ಪೆನ್ಸರನಿಗೆ ಒಪ್ಪಿಸಿದರು. ಕಾನೂನು ಕೊಡಿಸಲಾರದ್ದನ್ನು ಕೇಳುಗರ ಮನಸ್ಸಾಕ್ಷಿ ಒಂದಿಷ್ಟಾದರೂ ಕೊಟ್ಟಿತು. ಬಾರಿಸಿದ ಕೈ ಮಾತ್ರ ಆಗ ಇರಲಿಲ್ಲ.

ಹಣದ ಮಾತು ಒಂದು ಕಡೆಗಿರಲಿ. ಹೆಸರು ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಸ್ತೋಮದಲ್ಲಿ ಮಲೈಟಾ ಎಂಬ ದ್ವೀಪ. ಅಲ್ಲಿ ಬೈಗು ಭಾಷೆಯನ್ನಾಡುವ ಅಫುನಕ್ವಾ ಎಂಬ ಹೆಂಗಸು ಹಾಡಿದ ಜೋಗುಳವೊಂದನ್ನು ಹ್ಯೂಗೊ ಜೆಂಪ್ ಎಂಬ ವಿದ್ವಾಂಸರು 1970ರಲ್ಲಿ ಧ್ವನಿಮುದ್ರಿಸಿಕೊಂಡರು. ತಂದೆಯನ್ನು ಕಳೆದುಕೊಂಡ ಮಗುವನ್ನು ಅಳಬೇಡವೆಂದು ಸಂತೈಸುವ ಹಾಡು ಅದು. 1973ರಲ್ಲಿ ಯುನೆಸ್ಕೊ ಸಂಸ್ಥೆಯ ಮಾಲೆಯಲ್ಲಿ ಅದು ಪ್ರಕಟವಾಯಿತು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ತಂಡ ಆ ದನಿಯನ್ನು ತೆಗೆದುಕೊಂಡು, ಸಿಂಥಸೈಜರಿನ ಮೆತ್ತನೆಯ ಹಾಸಿನ ಮೇಲೆ ಕೂಡಿಸಿ, ಆಫ್ರಿಕದ ಕಾಡಿನ ಜನರ ಹಾಡುಗಳಿದ್ದ ಸಂಪುಟದಲ್ಲಿ ಸೇರಿಸಿತು. ಹಾಡು ಜಗತ್ಪ್ರಸಿದ್ಧವಾಯಿತು. ಜೆಂಪ್ ಅವರು ಇದಕ್ಕೆ ತಮ್ಮ ಒಪ್ಪಿಗೆ ಇರಲಿಲ್ಲವೆಂದು 1996ರಲ್ಲಿ ಬರೆದರು; ತಂಡದವರು ಬೇರೆಯಾಗಿ ವಾದಿಸಿದರು. ಅದೇ ವರ್ಷ ನಾರ್ವೆಯ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಯಾನ್ ಗರ್ಬಾರೆಕ್ ಅದೇ ಮಟ್ಟನ್ನು ನುಡಿಸಿ, ಅದಕ್ಕೆ ‘ಪಿಗ್ಮಿ ಜೋಗುಳ’ವೆಂಬ ಅರ್ಥದ ಹೆಸರಿಟ್ಟನು. ಪಿಗ್ಮಿಗಳಿರುವುದು ಆಫ್ರಿಕದಲ್ಲಿ, ಅಫುನಕ್ವಾ ಇದ್ದದ್ದು ಆಸ್ಟ್ರೇಲಿಯದ ಆಚೆಗಿನ ಕಡಲಿನಲ್ಲಿ. ತಪ್ಪು ಆ ವಾದಕನದೊಬ್ಬನದೇ ಅಲ್ಲ. ಹೊದಿಕೆಯ ಮೇಲೆ ಆಕೆಯ ಹೆಸರು, ಊರು, ಭಾಷೆ ಎದ್ದು ಕಾಣುವಂತೆ ಇದ್ದಿದ್ದರೆ ಒಂದು ನಾಡಿನ ಜೋಗುಳ ಇನ್ನೊಂದು ಖಂಡಕ್ಕೆ ಸೇರಿಹೋಗುತ್ತಿರಲಿಲ್ಲ.

ನಮ್ಮ ದೇಶದ ಹಾಡುಗಳೂ ಹೀಗೆ ಪರದೇಶಕ್ಕೆ ಹೋಗಿವೆ. 1981ರ ‘ಜ್ಯೋತಿ’ ಎಂಬ ಹಿಂದೀ ಚಿತ್ರಕ್ಕಾಗಿ ಲತಾ ಮಂಗೇಶ್ಕರ್ ಹಾಡಿದ್ದ ಗೀತೆಯೊಂದರ ಭಾಗ 2002ರಲ್ಲಿ ಅಮೆರಿಕದ ‘ಅಡಿಕ್ಟಿವ್’ ಎಂಬ ಹಾಡಿನಲ್ಲಿ ಮೊದಲಿನಿಂದ ಕೊನೆಯವರೆಗೂ ಕೇಳಿಬಂತು. ಸಂಗೀತ ಸಂಯೋಜಕ ಬಪ್ಪಿ ಲಾಹಿರಿ ನ್ಯಾಯಾಲಯಕ್ಕೆ ಹೋದರು. ಲಾಹಿರಿಯವರ ಹೆಸರನ್ನು ಕಾಣಿಸದೆ ಆ ಸಂಪುಟವನ್ನು ಮಾರಬಾರದೆಂದು ಲಾಸ್ ಏಂಜಲಿಸ್ಸಿನ ನ್ಯಾಯಾಲಯ 2003ರಲ್ಲಿ ಆಜ್ಞೆ ಮಾಡಿತು.

ನಮ್ಮ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಸ್ಥೂಲವಾಗಿ ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಒಂದೇ ಹಾಡಿನಲ್ಲಿ ಹಲವರ ಹಕ್ಕು ಕೂಡಿರುತ್ತದೆ. ಸಾಹಿತ್ಯ ಬರೆದವರದು ಒಂದು, ರಾಗ ಸಂಯೋಜಿಸಿದವರದು ಒಂದು, ಹಾಡಿದವರದು ಮತ್ತು ನುಡಿಸಿದವರದು ಒಂದು, ಧ್ವನಿಮುದ್ರಣ ಮಾಡಿಸಿದವರದು ಇನ್ನೊಂದು. ಹಾಡುವವರ, ನುಡಿಸುವವರ ಹೆಸರನ್ನು ಕಾಣಿಸಬೇಕೆಂಬ ಹಕ್ಕನ್ನು 2012ರ ತಿದ್ದುಪಡಿ ಗಟ್ಟಿಗೊಳಿಸಿತು. ಪುರಂದರದಾಸರ ಕೀರ್ತನೆಗೆ ಇಂದು ಯಾರೂ ಒಡೆಯರಲ್ಲ. ಕಲ್ಯಾಣಿ ರಾಗಕ್ಕೂ ಆದಿತಾಳಕ್ಕೂ ಎಂದೂ ಒಡೆಯರಿರಲಿಲ್ಲ. ಅವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಕೀರ್ತನೆಯನ್ನು ಒಬ್ಬ ಗಾಯಕಿ ಹಾಡಿದ ಧ್ವನಿಮುದ್ರಿಕೆಗೆ, ಅದು ಪ್ರಕಟವಾದ ಬಳಿಕ 60 ವರ್ಷಗಳ ಕಾಲ ಒಡೆತನವಿರುತ್ತದೆ. ಕೆಲವೇ ಸೆಕೆಂಡುಗಳನ್ನು ತೆಗೆದುಕೊಂಡರೆ ಬಾಧಕವಿಲ್ಲವೆಂಬ ಮಾತು ವಿದ್ಯಾರ್ಥಿಗಳಲ್ಲಿ ಪ್ರಚಾರದಲ್ಲಿದೆ. ಅಂಥ ವಿನಾಯಿತಿಯೊಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಕೋಲ್ಮನ್ ಬಾರಿಸಿದ್ದೂ ಕೆಲವೇ ಸೆಕೆಂಡು!

ಇತ್ತೀಚೆಗೆ ಈ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಗಾಯಕನ ಹಳೆಯ ಹಾಡುಗಳನ್ನು ಕೇಳಿಸಿಕೊಂಡ ಗಣಕವು ಆತ ಹಾಡದೇ ಇರುವ ಹಾಡನ್ನು ಆತನ ಕಂಠದಲ್ಲೇ ಹಾಡಬಲ್ಲುದು. ಕೇಳಿದರೆ ಇದು ನಾದಸಂಯೋಜನೆ. ಒಳಹೊಕ್ಕು ನೋಡಿದರೆ ಸ್ಯಾಂಪ್ಲಿಂಗ್. ಗಾಯಕ ಅರಿಜಿತ್ ಸಿಂಗ್ ಅವರ ಕಂಠವನ್ನು ಒಪ್ಪಿಗೆಯಿಲ್ಲದೆ ಹೀಗೆ ಅನುಕರಿಸಕೂಡದೆಂದು ಮುಂಬಯಿ ಉಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಮಧ್ಯಂತರ ಆಜ್ಞೆ ಹೊರಡಿಸಿತು. ಹೆಸರಾಂತ ಗಾಯಕರು ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲರು. ಜಾತ್ರೆಯಲ್ಲಿ ಕಂಸಾಳೆ ಹಿಡಿದು ಹಾಡುವವರು, ನಾಟಿ ಮಾಡುತ್ತ ಪದ ಹೇಳುವ ಹೆಂಗಸರು ಏನು ಮಾಡಿಯಾರು? ಅವರ ದನಿಯನ್ನು ಹಿಡಿಯುವ ಯಂತ್ರ ಈಗ ಎಲ್ಲರ ಕೈಯಲ್ಲೂ ಇದೆ. ಯಂತ್ರ ದನಿಯನ್ನು ಹಿಡಿಯುತ್ತದೆ, ಹೆಸರನ್ನು ಹಿಡಿಯುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಬೇಕಾದವರು ಯಂತ್ರ ಹಿಡಿದವರೇ.

ಹಾಗೆ ಬರೆದುಕೊಂಡವರೂ ಇದ್ದಾರೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಮಾಚಾರಿನಲ್ಲಿ ಗೋಪಾಲ ನಾಯ್ಕ ಎಂಬ ಕೃಷಿಕರಿದ್ದರು. ತುಳುವಿನ ಸಿರಿ ಪಾಡ್ದನ ಅವರಿಗೆ ಕಂಠಸ್ಥವಾಗಿತ್ತು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಅನೆಲಿ ಹೊಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇವರು ಗೋಪಾಲ ನಾಯ್ಕರ ಮುಂದೆ ಕುಳಿತು, ದಿನಗಟ್ಟಲೆ ಅವರ ಹಾಡನ್ನು ಧ್ವನಿಮುದ್ರಿಸಿಕೊಂಡರು. ಅಕ್ಷರಕ್ಕಿಳಿಸಿದಾಗ ಅದು 15,683 ಸಾಲುಗಳಾಯಿತು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಅಚ್ಚಾಯಿತು. ಗ್ರಂಥದ ಹೆಸರು ‘ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯ’ ಎಂಬರ್ಥದ್ದು. ಮುಖಪುಟವನ್ನು ನೋಡಿದವರಿಗೆ ಸಿರಿಯ ಹೆಸರಿನೊಂದಿಗೇ ಅದನ್ನು ಹಾಡಿದವರ ಹೆಸರೂ ಕಾಣಿಸುತ್ತದೆ.